ಜೀವಕೋಶದ ಸಂದೇಶ, ಕ್ಯಾನ್ಸರ್ ಮತ್ತು ಟೋನಿ ಹಂಟರ್: ಓದುಗರ ಪತ್ರಗಳಿಗೆ ಉತ್ತರ

ಪ್ರಶ್ನೆ: ನಾನು ಎಂಎಸ್ಸಿ ಬಯೋಕೆಮಿಸ್ಟ್ರಿ ವಿದ್ಯಾರ್ಥಿನಿ. ಟೋನಿ ಹಂಟರ್ ಎಂಬ ವಿಜ್ಞಾನಿ ಹೊಸ ಬಫರ್ ಮಾಡಿಕೊಳ್ಳಲು ಸೋಮಾರಿತನಪಟ್ಟು ಹಳೆಯದನ್ನೇ ಬಳಸಿದ್ದರಿಂದ ಕ್ಯಾನ್ಸರ್ ಬಗ್ಗೆ ದೊಡ್ಡ ಶೋಧವಾಯಿತು ಎಂದು ನಮ್ಮ ಮೇಷ್ಟ್ರು ಹೇಳಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಇದು ನಿಜವೇ, ಕಟ್ಟುಕತೆಯೇ? ಸಂಶೋಧನೆಗೆ ಅದೃಷ್ಟವೊಂದಿದ್ದರೆ ಸಾಕೇ?
— ವಿದ್ಯಾರ್ಥಿನಿ, ಹಾಸನ

ಉತ್ತರ: ನಿಜವೇ. ಹಂಟರ್ ತಾವೇ ಅದನ್ನು ಹೇಳಿಕೊಂಡಿದ್ದಾರೆ. ಆದರೆ ಬಫರಿನಿಂದ ಶುರುಮಾಡಿ ಬಫರಿನಲ್ಲೇ ಮುಗಿಸಿದರೆ ಅದು ಬರೀ ನಗೆಹನಿ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ಯಾರೋ ಗಡ್ಡೆ ಬೆಳೆದ ಕೋಳಿಯೊಂದನ್ನು ತಂದುಕೊಟ್ಟರು. ಪೇಟನ್ ರೌಸ್ ಆ ಗಡ್ಡೆಯನ್ನು ಅರೆದು, ಜೀವಕೋಶಗಳು ನುಸುಳಲಾರದಷ್ಟು ಸಣ್ಣ ರಂಧ್ರದ ಜಾಲರಿಯಲ್ಲಿ ಸೋಸಿ, ಕೆಳಗಿಳಿದ ದ್ರವವನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಗಡ್ಡೆ ಬಂತು. 1911ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಹೆಚ್ಚಿನವರು ನಂಬಲಿಲ್ಲ. ನೊಬೆಲ್ ಬಂದದ್ದು 1966ರಲ್ಲಿ, ಅವರಿಗೆ 87 ವರ್ಷವಾದಾಗ. ಗಡ್ಡೆ ತಂದದ್ದು ಆ ದ್ರವದಲ್ಲಿದ್ದ ವೈರಸ್; ಅದರೊಳಗೆ ಗಡ್ಡೆ ಬೆಳೆಸುವ ಜೀನ್ ಒಂದೇ ಒಂದು, ಸಾರ್ಕ್. ಅದು ವೈರಸ್ಸಿನ ಸ್ವಂತ ಸೊತ್ತಲ್ಲ, ಆರೋಗ್ಯವಾದ ಹಕ್ಕಿಯ ಜೀವಕೋಶದಿಂದ ಹೊತ್ತೊಯ್ದದ್ದು ಎಂದು 1976ರಲ್ಲಿ ಮೈಕೆಲ್ ಬಿಷಪ್ ಮತ್ತು ಹೆರಾಲ್ಡ್ ವಾರ್ಮಸ್ ಅವರ ತಂಡ ತೋರಿಸಿತು. ಎರಡು ವರ್ಷದ ಬಳಿಕ ಮಾರ್ಕ್ ಕಾಲೆಟ್ ಮತ್ತು ರೇ ಎರಿಕ್ಸನ್, ಸಾರ್ಕ್ ಒಂದು ಕೈನೇಸ್ ಎಂದು ಕಂಡುಕೊಂಡರು. ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವವೇ ಕೈನೇಸ್. ಫಾಸ್ಫೇಟ್ ಅಂಟಿದ ಪ್ರೋಟೀನಿನ ನಡತೆ ಬದಲಾಗುತ್ತದೆ. ಜೀವಕೋಶ ತನ್ನೊಳಗೆ ಸುದ್ದಿ ಸಾಗಿಸುವ ಮುಖ್ಯ ಮಾರ್ಗಗಳಲ್ಲಿ ಇದೂ ಒಂದು. ಆ ಫಾಸ್ಫೇಟ್ ಅಂಟುವುದು ಸೆರಿನ್ ಅಥವಾ ಥ್ರಿಯೊನಿನ್ ಎಂಬ ಅಮೈನೊ ಆಮ್ಲಕ್ಕೆ ಎಂದೇ ಆಗ ಎಲ್ಲರೂ ತಿಳಿದಿದ್ದರು.

ಈಗ ಹಂಟರ್. ಹುಟ್ಟಿದ್ದು 1943ರಲ್ಲಿ, ಇಂಗ್ಲೆಂಡಿನ ಕೆಂಟ್‌ನಲ್ಲಿ; ಪಿಎಚ್‌ಡಿ ಕೇಂಬ್ರಿಜ್‌ನಲ್ಲಿ. ಅಲ್ಲಿ ಅವರು ಅಭ್ಯಾಸ ಮಾಡಿದ್ದು ಜೀವಕೋಶ ಪ್ರೋಟೀನನ್ನು ಹೇಗೆ ಕಟ್ಟುತ್ತದೆ ಎಂಬುದನ್ನು, ಕ್ಯಾನ್ಸರನ್ನಲ್ಲ. 1975ರಲ್ಲಿ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆ ಸೇರಿದರು. 1979ರಲ್ಲಿ ವಾಲ್ಟರ್ ಎಕ್‌ಹಾರ್ಟ್ ಜೊತೆಗೂಡಿ ಇಲಿಗಳಲ್ಲಿ ಗಡ್ಡೆ ತರುವ ಪಾಲಿಯೋಮಾ ವೈರಸ್ಸಿನ ಪ್ರೋಟೀನನ್ನು ಪರೀಕ್ಷಿಸುತ್ತಿದ್ದರು. ವಿಕಿರಣಶೀಲ ಫಾಸ್ಫರಸ್ ಅಂಟಿದ ಪ್ರೋಟೀನನ್ನು ಆಮ್ಲದಲ್ಲಿ ಬೇಯಿಸಿ ಬಿಡಿ ಅಮೈನೊ ಆಮ್ಲಗಳಾಗಿ ಒಡೆಯಬೇಕು, ಅವನ್ನು ತಟ್ಟೆಯ ಮೇಲೆ ವಿದ್ಯುತ್ ಹರಿಸಿ ಓಡಿಸಬೇಕು, ಯಾವುದು ಎಲ್ಲಿ ನಿಲ್ಲುತ್ತದೆ ನೋಡಬೇಕು. ಈ ಓಟಕ್ಕೆ ಬಳಸುವ ದ್ರಾವಣವೇ ಬಫರ್; ಅದರ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, 1.9 ಇರಬೇಕಿತ್ತು. ಮತ್ತೆ ಮತ್ತೆ ಬಳಸಿ ಅದು 1.7ಕ್ಕೆ ಇಳಿದಿತ್ತು. 1.9ರಲ್ಲಿ ಫಾಸ್ಫೇಟ್ ಅಂಟಿದ ಥ್ರಿಯೊನಿನ್ ಮತ್ತು ಟೈರೊಸಿನ್ ಒಂದೇ ಕಡೆ ಬಂದು ನಿಲ್ಲುತ್ತವೆ. 1.7ರಲ್ಲಿ ಅವು ತುಸು ಅಗಲುತ್ತವೆ. ತಟ್ಟೆಯಲ್ಲಿ ಇರಬಾರದ ಜಾಗದಲ್ಲಿ ಒಂದು ಚುಕ್ಕೆ ಕಂಡಿತು.

ಅದೃಷ್ಟದ ಪಾಲು ಇಷ್ಟೇ. ಹಳೆಯ ಬಫರ್ ಯಾವ ಲ್ಯಾಬಿನಲ್ಲಿರಲಿಲ್ಲ, ಹೇಳಿ! ಅಂಥ ಚುಕ್ಕೆ ಕಂಡಾಗ ‘ಪ್ರಯೋಗ ಕೆಟ್ಟಿತು’ ಎಂದು ತಟ್ಟೆಯನ್ನು ಬುಟ್ಟಿಗೆ ಎಸೆಯುವುದೇ ರೂಢಿ. ಹಂಟರ್ ಎಸೆಯಲಿಲ್ಲ. ಫಾಸ್ಫೇಟ್ ಹಿಡಿದುಕೊಳ್ಳಬಲ್ಲ ಹೈಡ್ರಾಕ್ಸಿಲ್ ಗುಂಪು ಟೈರೊಸಿನ್‌ನಲ್ಲೂ ಇದೆಯಲ್ಲ ಎಂದು ಯೋಚಿಸಿದರು. ತಾವೇ ಫಾಸ್ಫೊಟೈರೊಸಿನ್ ತಯಾರಿಸಿ ಪಕ್ಕದಲ್ಲಿ ಓಡಿಸಿ ನೋಡಿದರು. ಎರಡೂ ಒಂದೇ ಜಾಗದಲ್ಲಿ ನಿಂತವು. ಸಹೋದ್ಯೋಗಿ ಬಾರ್ಟ್ ಸೆಫ್ಟನ್ ಜೊತೆ ಸಾರ್ಕನ್ನೂ ಹಾಗೆಯೇ ಪರೀಕ್ಷಿಸಿದಾಗ ಅದೂ ಫಾಸ್ಫೇಟನ್ನು ಟೈರೊಸಿನ್‌ಗೇ ಅಂಟಿಸುತ್ತಿತ್ತು. ಇಷ್ಟು ಕಾಲ ಇದು ಯಾರ ಕಣ್ಣಿಗೂ ಬೀಳದ್ದಕ್ಕೆ ಬಫರಲ್ಲದೆ ಇನ್ನೊಂದು ಕಾರಣವೂ ಇತ್ತು. ಸಾಮಾನ್ಯ ಜೀವಕೋಶದಲ್ಲಿ ಪ್ರೋಟೀನಿಗೆ ಅಂಟಿದ ಒಟ್ಟು ಫಾಸ್ಫೇಟಿನಲ್ಲಿ ಟೈರೊಸಿನ್‌ನ ಪಾಲು ಸುಮಾರು ಶೇ. 0.05 ಮಾತ್ರ. ರೌಸ್ ವೈರಸ್ ಹೊಕ್ಕ ಜೀವಕೋಶದಲ್ಲಿ ಅದು ಎಂಟು ಪಟ್ಟಿನವರೆಗೂ ಏರುತ್ತದೆ. 1980ರಲ್ಲಿ ಹಂಟರ್ ಮತ್ತು ಸೆಫ್ಟನ್ ಈ ಲೆಕ್ಕವನ್ನು ಜಗತ್ತಿನ ಮುಂದಿಟ್ಟರು.

ನಿಮ್ಮ ಮೇಷ್ಟ್ರು ಬಹುಶಃ ಹೇಳದ ಒಂದು ತಿರುವೂ ಇದೆ. ಯಾವ ಪಾಲಿಯೋಮಾ ಪ್ರೋಟೀನಿನಿಂದ ಕತೆ ಶುರುವಾಯಿತೋ ಅದು ಕೈನೇಸೇ ಅಲ್ಲ! ಅದು ಜೀವಕೋಶದ ಸ್ವಂತ ಸಾರ್ಕನ್ನು ಹಿಡಿದು ಕೆಲಸ ಮಾಡಿಸಿಕೊಳ್ಳುತ್ತದೆ ಎಂದು 1983ರಲ್ಲಿ ಸಾರಾ ಕೋರ್ಟ್‌ನಿಜ್ ಮತ್ತು ಅಲನ್ ಸ್ಮಿತ್ ತೋರಿಸಿದರು. ಚುಕ್ಕೆ ಸುಳ್ಳಾಗಿರಲಿಲ್ಲ, ಚುಕ್ಕೆ ಇಟ್ಟ ಕೈ ಬೇರೆಯಾಗಿತ್ತು.

ಪ್ರಶ್ನೆ: ನನ್ನ ತಮ್ಮನಿಗೆ ರಕ್ತದ ಕ್ಯಾನ್ಸರ್, ಸಿಎಂಎಲ್ ಅಂತಾರೆ. ದಿನಾ ಇಮಾಟಿನಿಬ್ ಗುಳಿಗೆ ನುಂಗಿ ಆಫೀಸಿಗೆ ಹೋಗಿಬರುತ್ತಾನೆ. ಈ ಗುಳಿಗೆಗೂ ನೀವು ಹೇಳುವ ಸಂಶೋಧನೆಗೂ ಸಂಬಂಧ ಇದೆಯೇ? ಗುಣವಾಗಿದ್ದರೆ ನಿಲ್ಲಿಸಬಹುದೇ?
— ನಿವೃತ್ತ ಶಿಕ್ಷಕಿ, ಮೈಸೂರು

ಉತ್ತರ: ಅಮ್ಮಾ, ನೇರ ಸಂಬಂಧವೇ ಇದೆ. ಈ ರೋಗಿಗಳ ಬಿಳಿ ರಕ್ತಕಣಗಳಲ್ಲಿ ಒಂದು ಮೋಟು ಕ್ರೋಮೊಸೋಮ್ ಇರುವುದನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಗುರುತಿಸಿದರು. 9 ಮತ್ತು 22ನೇ ಕ್ರೋಮೊಸೋಮುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡದ್ದರಿಂದ ಹೀಗಾಗಿದೆ ಎಂದು 1973ರಲ್ಲಿ ಷಿಕಾಗೊದ ಜ್ಯಾನೆಟ್ ರೌಲಿ ವಿವರಿಸಿದರು. ಆ ಬೆಸುಗೆಯಿಂದ ಹುಟ್ಟುವ ಪ್ರೋಟೀನು ಬಿಸಿಆರ್-ಏಬಲ್. ಅದರ ಏಬಲ್ ಭಾಗ ಟೈರೊಸಿನ್ ಕೈನೇಸ್. ಆರೋಗ್ಯದಲ್ಲಿ ಏಬಲ್ ಬೇಕಾದಾಗ ಮಾತ್ರ ಎಚ್ಚರವಾಗುತ್ತದೆ, ಬೆಸೆದುಕೊಂಡ ಮೇಲೆ ಮಲಗುವುದೇ ಇಲ್ಲ. ‘ಬೆಳೆ, ಇಬ್ಭಾಗವಾಗು’ ಎಂಬ ಆದೇಶ ಹಗಲೂ ರಾತ್ರಿ ಹೊರಡುತ್ತಲೇ ಇರುತ್ತದೆ.

ಟೈರೊಸಿನ್ ಕೈನೇಸ್ ಎಂಬ ಜಾತಿಯೇ ಗೊತ್ತಿಲ್ಲದಿದ್ದರೆ ಅದಕ್ಕೆ ಔಷಧಿ ಹುಡುಕುವ ಯೋಚನೆ ಎಲ್ಲಿಂದ ಬರಬೇಕು? ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿಯಲ್ಲಿ ನಿಕೊಲಸ್ ಲೈಡನ್ ಮತ್ತು ಅವರ ರಸಾಯನವಿಜ್ಞಾನಿ ಸಂಗಾತಿಗಳು ಏಬಲ್‌ನ ಬಾಯಿಗೆ ಬಿರಡೆಯಾಗುವ ಅಣು ಕಟ್ಟಿದರು. ಅಮೆರಿಕದ ಆರೆಗನ್ನಿನಲ್ಲಿ ವೈದ್ಯ ಬ್ರಯನ್ ಡ್ರಕರ್ ಅದನ್ನು ರೋಗಿಗಳಿಗೇ ಕೊಟ್ಟು ನೋಡಬೇಕೆಂದು ಪಟ್ಟು ಹಿಡಿದರು. ಪ್ರಯೋಗ ಶುರುವಾದದ್ದು 1998ರಲ್ಲಿ. ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಕ್ಕೆ ಮರಳಿತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಹಂಟರ್‌ರ ತಟ್ಟೆಯಿಂದ ಗುಳಿಗೆಗೆ 22 ವರ್ಷ.

ನಿಮ್ಮ ತಮ್ಮನ ಗುಳಿಗೆ ನಿಮ್ಮ ಕೈಗೆಟುಕುವ ಬೆಲೆಗೆ ಸಿಗುತ್ತಿರುವುದಕ್ಕೆ ನಮ್ಮ ದೇಶದ ಪೇಟೆಂಟ್ ಕಾನೂನೂ ಕಾರಣ. ನೊವಾರ್ಟಿಸ್ ಕಂಪನಿ ಈ ಔಷಧಿಯ ಒಂದು ಹರಳು ರೂಪಕ್ಕೆ ಕೇಳಿದ್ದ ಪೇಟೆಂಟನ್ನು 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನಿರಾಕರಿಸಿತು. ಆಗ ಆ ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ಇಲ್ಲಿನ ಕಂಪನಿಗಳದ್ದಕ್ಕೆ ಸುಮಾರು 8ರಿಂದ 10 ಸಾವಿರ.

ನಿಲ್ಲಿಸುವ ಮಾತು: ಹಲವು ವರ್ಷ ಗುಳಿಗೆ ತೆಗೆದುಕೊಂಡು, ಸೂಕ್ಷ್ಮ ಪರೀಕ್ಷೆಯಲ್ಲೂ ರೋಗದ ಸುಳಿವು ಸಿಗದಿರುವ ಕೆಲವರಿಗೆ ವೈದ್ಯರು ನಿಲ್ಲಿಸಿ ನೋಡುತ್ತಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರೋಗ ಮರಳುತ್ತದೆ. ಆಗಾಗ ರಕ್ತ ಪರೀಕ್ಷೆ ನಡೆಯುತ್ತಿದ್ದರೆ ಬೇಗ ಹಿಡಿದು ಮತ್ತೆ ಗುಳಿಗೆ ಶುರುಮಾಡಬಹುದು. ವೈದ್ಯರನ್ನು ಕೇಳದೆ ಒಂದು ದಿನವೂ ಬಿಡುವುದು ಬೇಡ.

ಪ್ರಶ್ನೆ: ಅರಿಶಿನ ಕೈನೇಸನ್ನು ತಡೆಯುತ್ತದೆ, ಗುಳಿಗೆ ಬೇಡ ಎಂದು ವಾಟ್ಸಾಪಿನಲ್ಲಿ ಬಂದಿದೆ. ಹೌದೇ?
— ಓದುಗರು, ಶಿರಸಿ

ಉತ್ತರ: ಸಾರಿಗೆ ಹಾಕಿ. ಅರಿಶಿನದ ಕರ್ಕ್ಯುಮಿನ್ ಗಾಜಿನ ತಟ್ಟೆಯಲ್ಲಿ ಹತ್ತಾರು ಪ್ರೋಟೀನುಗಳಿಗೆ ಸುಮ್ಮಸುಮ್ಮನೆ ಅಂಟಿಕೊಂಡು ಸಂಶೋಧಕರನ್ನೇ ದಾರಿ ತಪ್ಪಿಸುತ್ತದೆ. ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಗುಳಿಗೆ ತೆಗೆದುಕೊಳ್ಳುತ್ತಿರುವವರು ಜೊತೆಗೆ ಯಾವ ಕಷಾಯ, ಕ್ಯಾಪ್ಸೂಲ್ ಸೇವಿಸುವುದಿದ್ದರೂ ವೈದ್ಯರಿಗೆ ಮೊದಲು ತಿಳಿಸಲಿ.

ಪ್ರಶ್ನೆ: ಕೈನೇಸ್ ಗೊತ್ತಾಗಿದೆ, ತಡೆಯುವ ಔಷಧಿಯೂ ಸಿಕ್ಕಿದೆ. ಮತ್ತೆ ಎಲ್ಲ ಕ್ಯಾನ್ಸರೂ ಯಾಕೆ ಗುಣವಾಗುತ್ತಿಲ್ಲ?
— ಪಿಯುಸಿ ಉಪನ್ಯಾಸಕ, ವಿಜಯಪುರ

ಉತ್ತರ: ಸಿಎಂಎಲ್‌ನ ಯಶಸ್ಸು ನಮ್ಮ ನಿರೀಕ್ಷೆಯನ್ನು ಅತಿಯಾಗಿ ಏರಿಸಿತು. ಅಲ್ಲಿ ರೋಗಕ್ಕೆ ಒಂದೇ ಬೇರು. ಶ್ವಾಸಕೋಶ, ಮೇದೋಜೀರಕಾಂಗದ ಗಡ್ಡೆಗಳಲ್ಲಿ ಹಾಗಿಲ್ಲ. ಮನುಷ್ಯನಲ್ಲಿ ಎಷ್ಟು ಕೈನೇಸ್ ಜೀನುಗಳಿವೆ ಎಂದು 2002ರಲ್ಲಿ ಹಂಟರ್ ಮತ್ತು ಸಂಗಡಿಗರು ಜೀನೋಮ್ ಜಾಲಾಡಿ ಎಣಿಸಿದರು. 518 ಸಿಕ್ಕವು, ಅವುಗಳಲ್ಲಿ ಟೈರೊಸಿನ್ ಕೈನೇಸುಗಳು 90. ಗದ್ದೆಗೆ ನೀರು ಬರುವ ಒಂದು ಕಾಲುವೆಗೆ ಕಟ್ಟೆ ಹಾಕಿದರೆ ಪಕ್ಕದ ಕಾಲುವೆಯಿಂದ ನುಗ್ಗುವಂತೆ, ಗಡ್ಡೆಯ ಜೀವಕೋಶ ಒಂದು ಕೈನೇಸ್ ಮುಚ್ಚಿದರೆ ಇನ್ನೊಂದರ ಮೂಲಕ ಬೆಳೆಯುವ ಆದೇಶ ಪಡೆಯುತ್ತದೆ.

ಸಿಎಂಎಲ್‌ನಲ್ಲೂ ಕೆಲವರಿಗೆ ಔಷಧಿ ನಾಟುವುದಿಲ್ಲ. ಏಬಲ್‌ನ 315ನೇ ಸ್ಥಾನದಲ್ಲಿ ಥ್ರಿಯೊನಿನ್ ಹೋಗಿ ಐಸೊಲ್ಯೂಸಿನ್ ಬಂದು ಕೂತರೆ ಇಮಾಟಿನಿಬ್ ಕೂರಲು ಜಾಗವೇ ಉಳಿಯುವುದಿಲ್ಲ. ಒಂದೇ ಒಂದು ಅಮೈನೊ ಆಮ್ಲದ ವ್ಯತ್ಯಾಸ. ಅದನ್ನೂ ಮಣಿಸುವ ಪೊನಾಟಿನಿಬ್ ಬರಲು 2012ರವರೆಗೆ ಕಾಯಬೇಕಾಯಿತು. ರಾಸ್ ಎಂಬ ಇನ್ನೊಂದು ಸಂದೇಶವಾಹಕ ಪ್ರೋಟೀನಿನ ಕತೆ ಇನ್ನೂ ಕಠಿಣ. ಅದರ ಜೀನಿನಲ್ಲಿ ಒಂದು ಅಕ್ಷರ ಬದಲಾದರೆ ಕ್ಯಾನ್ಸರಿಗೆ ದಾರಿ ಎಂದು 1982ರಲ್ಲೇ ಗೊತ್ತಾಯಿತು. ರಾಸ್‌ಗೇ ನೇರವಾಗಿ ಅಂಟುವ ಮೊದಲ ಔಷಧಿ ಸೊಟೊರಾಸಿಬ್ ಅಮೆರಿಕದಲ್ಲಿ ಮಂಜೂರಾದದ್ದು 2021ರಲ್ಲಿ, ಅದೂ ರಾಸ್‌ನ ಒಂದು ಬಗೆಯ ಬದಲಾವಣೆಗೆ ಮಾತ್ರ.

ಇನ್ನೊಂದು ತೊಡಕು ನಮ್ಮ ಪ್ರಯೋಗದ ಇಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನ್ನಪೂರ್ಣಿ ರಂಗರಾಜನ್ ಅಮೆರಿಕದಲ್ಲಿ ರಾಬರ್ಟ್ ವೈನ್‌ಬರ್ಗ್ ಅವರ ಲ್ಯಾಬಿನಲ್ಲಿದ್ದಾಗ ಒಂದು ಮುಖ್ಯ ಸಂಗತಿ ತೋರಿಸಿದ್ದರು. ಇಲಿಯ ಫೈಬ್ರೊಬ್ಲಾಸ್ಟ್ ಎಂಬ ಸಂಯೋಜಕ ಅಂಗಾಂಶದ ಜೀವಕೋಶವನ್ನು ಕ್ಯಾನ್ಸರಿಗೆ ತಿರುಗಿಸಲು ಎರಡು ಸಂದೇಶಮಾರ್ಗ ಕೆಡಿಸಿದರೆ ಸಾಕು, ಮನುಷ್ಯನ ಅದೇ ಬಗೆಯ ಜೀವಕೋಶಕ್ಕೆ ಆರು ಬೇಕು. ‘ಇಲಿಗಳಲ್ಲಿ ಕ್ಯಾನ್ಸರ್ ವಾಸಿ’ ಎಂಬ ಪತ್ರಿಕೆಯ ತಲೆಬರಹ ಓದುವಾಗ ನನಗೆ ಈ ಎರಡು ಸಂಖ್ಯೆಗಳು ನೆನಪಾಗುತ್ತವೆ.

ಪ್ರಶ್ನೆ: ಮಗಳು ಕ್ಯಾನ್ಸರ್ ಬಗ್ಗೆ ಪಿಎಚ್‌ಡಿ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ನಮ್ಮದು ಅಂಗಡಿ ವ್ಯಾಪಾರ, ಇದೆಲ್ಲ ತಿಳಿಯದು. ಇದರಲ್ಲಿ ಬದುಕು ನಡೆಯುತ್ತದೆಯೇ? ಅವಳಿಗೆ ಏನು ಹೇಳಲಿ?
— ಓದುಗರು, ದಾವಣಗೆರೆ

ಉತ್ತರ: ಯಜಮಾನರೇ, ಲೆಕ್ಕವನ್ನೇ ಮೊದಲು ಹೇಳುತ್ತೇನೆ. ಸಿಎಸ್‌ಐಆರ್ ನೆಟ್‌ನಂಥ ಪರೀಕ್ಷೆಯಲ್ಲಿ ಫೆಲೊಶಿಪ್ ಗಿಟ್ಟಿಸಿದರೆ 2023ರ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ನೀವು ಕೈಯಿಂದ ಹಾಕಬೇಕಾಗಿಲ್ಲ. ಪಿಎಚ್‌ಡಿಗೆ ಐದಾರು ವರ್ಷ ಹಿಡಿಯುತ್ತದೆ, ಆಮೇಲೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ. ಪ್ರಾಧ್ಯಾಪಕ ಹುದ್ದೆಗಳು ಕಡಿಮೆ, ಆಕಾಂಕ್ಷಿಗಳು ಬಹಳ. ಆದರೆ ಬೆಂಗಳೂರಿನ ಔಷಧಿ ಸಂಶೋಧನಾ ಕಂಪನಿಗಳಿಗೆ ಜೀವಕೋಶದ ಸಂದೇಶ ಬಲ್ಲವರು ಬೇಕೇ ಬೇಕು. ಓದು ದಂಡವಾಗುವುದಿಲ್ಲ.

ಮಗಳಿಗೆ ಹೇಳಬೇಕಾದದ್ದು ಬೇರೆ. ‘ಕ್ಯಾನ್ಸರಿಗೆ ಔಷಧಿ ಹುಡುಕುತ್ತೇನೆ’ ಎಂಬ ಆಸೆಯಿಂದ ಮಾತ್ರ ಬಂದವರು ಮೂರನೇ ವರ್ಷಕ್ಕೆ ಸೋತು ಕೂರುವುದನ್ನು ಕಂಡಿದ್ದೇನೆ. ಲ್ಯಾಬಿನಲ್ಲಿ ರೋಗಿ ಇರುವುದಿಲ್ಲ, ಒಂದು ಪ್ರೋಟೀನು ಇರುತ್ತದೆ; ಅದು ನಾವು ಕೇಳಿದ್ದಕ್ಕೆ ಉತ್ತರ ಕೊಡದೆ ತಿಂಗಳುಗಟ್ಟಲೆ ಸತಾಯಿಸುತ್ತದೆ. ಆ ಪ್ರೋಟೀನಿನ ಮೇಲೇ ಕುತೂಹಲವಿದ್ದವರು ಉಳಿಯುತ್ತಾರೆ. ಹಂಟರ್ 1975ರಿಂದ ಸಾಲ್ಕ್‌ನಲ್ಲೇ ಇದ್ದು, ಟೈರೊಸಿನ್ ಮುಗಿಯಿತೆಂದು ಕೂರದೆ ಹಿಸ್ಟಿಡಿನ್ ಎಂಬ ಮತ್ತೊಂದು ಅಮೈನೊ ಆಮ್ಲಕ್ಕೆ ಅಂಟುವ ಫಾಸ್ಫೇಟನ್ನು ಹಿಡಿಯಹೊರಟರು. ಅದು ಆಮ್ಲದಲ್ಲಿ ಕಳಚಿ ಮಾಯವಾಗುವಂಥದ್ದು, ಹಳೆಯ ತಟ್ಟೆಯಲ್ಲಿ ಕಾಣುವುದೇ ಇಲ್ಲ. ಬಿಡುವಿನಲ್ಲಿ ಅವರಿಗೆ ಬೋರ್ಗರೆಯುವ ನದಿಗಳಲ್ಲಿ ರಾಫ್ಟಿಂಗ್ ಮಾಡುವ ಹುಚ್ಚು. ಮಗಳು ವಾರದಲ್ಲೊಂದು ದಿನ ಲ್ಯಾಬ್ ಬಿಟ್ಟು ಊರಿಗೆ ಬಂದರೆ ಬೈಯಬೇಡಿ.

ಭಾರತೀಯ ವಿಜ್ಞಾನ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ (ಎನ್‌ಸಿಬಿಎಸ್), ಮುಂಬೈ ಬಳಿಯ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಕ್ಟ್ರೆಕ್ ಈ ಮೂರಕ್ಕೂ ಅರ್ಜಿ ಹಾಕಲಿ. ಮೊದಲು ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಯಾವುದಾದರೂ ಲ್ಯಾಬಿನಲ್ಲಿ ಕೆಲಸ ಮಾಡಲಿ. ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು, ಗೈಡ್ ಹೇಗೆ, ಎಷ್ಟು ವರ್ಷಕ್ಕೆ ಬಿಡುತ್ತಾರೆ, ಕೆಟ್ಟ ಫಲಿತಾಂಶ ತೋರಿಸಿದರೆ ಸಿಡುಕುತ್ತಾರೋ ಕೂತು ನೋಡುತ್ತಾರೋ ಎಂದು ವಿಚಾರಿಸಲಿ. ಸಂಸ್ಥೆಯ ಹೆಸರಿಗಿಂತ ಆ ಕೊನೆಯ ಪ್ರಶ್ನೆಯ ಉತ್ತರ ನೋಡಿ ಲ್ಯಾಬ್ ಆರಿಸಿಕೊಳ್ಳಲಿ.