ಲೆಕ್ಕದ ಅರ್ಥವನ್ನೇ ಬದಲಿಸುವ ವೇಗ

0.1, 0.2, 0.3. ಮೊದಲೆರಡನ್ನು ಕೂಡಿಸಿ ಮೂರನೆಯದನ್ನು ಸೇರಿಸಿದರೆ ಕಂಪ್ಯೂಟರ್ 0.6000000000000001 ಎನ್ನುತ್ತದೆ. ಕೊನೆಯೆರಡನ್ನು ಮೊದಲು ಕೂಡಿಸಿದರೆ 0.6. ಇದು ಯಂತ್ರದ ದೋಷವಲ್ಲ. 0.1 ದ್ವಿಮಾನ ಪದ್ಧತಿಯಲ್ಲಿ ಮುಗಿಯದ ಭಿನ್ನರಾಶಿ. 64 ಬಿಟ್‌ಗಳಿಗೆ ಹಿಡಿಯುವಷ್ಟಕ್ಕೆ ಅದನ್ನು ದುಂಡಾಗಿಸಲೇಬೇಕು. ಹೇಗೆ ದುಂಡಾಗಿಸಬೇಕೆಂದು 1985ರ ಐಇಇಇ 754 ಮಾನದಂಡ ಖಚಿತವಾಗಿ ಹೇಳಿತು. ಅದರ ಹಿಂದಿದ್ದ ಬರ್ಕ್ಲಿಯ ವಿಲಿಯಂ ಕಹಾನ್ ಅವರಿಗೆ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಸಾವಿರಾರು ಸಣ್ಣ ಸಂಖ್ಯೆಗಳನ್ನು ಕೂಡಿಸುವಾಗ ಪ್ರತಿ ಹೆಜ್ಜೆಯಲ್ಲೂ ಉದುರುವ ಚೂರನ್ನು ಹಿಡಿದಿಟ್ಟು ಮುಂದಿನ ಹೆಜ್ಜೆಗೆ ಸೇರಿಸುವ ವಿಧಾನವೂ ಕಹಾನ್ ಅವರದೇ. ಹವಾಮಾನದ ಅಂಕಿಅಂಶಗಳ ಪ್ರೋಗ್ರಾಂ ಒಂದರಲ್ಲಿ ನಾವು ಅದನ್ನೇ ಬಳಸಿದ್ದೆವು. ವೇಗಕ್ಕಾಗಿ ತಂಡ ಜಿಸಿಸಿ ಕಂಪೈಲರಿನ ಫಾಸ್ಟ್-ಮ್ಯಾತ್ ಆಯ್ಕೆ ಹಾಕಿದ ಮೇಲೆ ಮೊತ್ತದ ಕೊನೆಯ ಅಂಕಿಗಳು ಮತ್ತೆ ಕೆಟ್ಟವು. ಕಾರಣ ಸರಳ. ಆ ಆಯ್ಕೆ ಇದ್ದಾಗ ಕಂಪೈಲರ್ ಶಾಲೆಯ ಬೀಜಗಣಿತವನ್ನು ನಂಬುತ್ತದೆ. ಉದುರಿದ ಚೂರನ್ನು ಅಳೆಯುವ ಕಳೆಯುವಿಕೆಯ ಉತ್ತರ ಸೊನ್ನೆ ಎಂದು ತೀರ್ಮಾನಿಸಿ ಆ ಸಾಲನ್ನೇ ಅಳಿಸಿಹಾಕುತ್ತದೆ. ದಾಖಲೆ ಇಲ್ಲದ ದಿನಗಳಿಗೆ ಇಟ್ಟಿದ್ದ 'ಸಂಖ್ಯೆಯಲ್ಲ' ಎಂಬ ಗುರುತಿನ ತಪಾಸಣೆಯೂ ಹಾಗೆಯೇ ಮಾಯವಾಯಿತು. ಅಂಥ ಬೆಲೆ ಬರುವುದೇ ಇಲ್ಲ ಎಂಬುದೂ ಆ ಆಯ್ಕೆ ಕೊಡುವ ಮಾತು.

ಎಚ್ಚರಿಕೆಯ ಒಂದು ಸಾಲೂ ಪರದೆಗೆ ಬರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಅದೇ.

ವೇಗಕ್ಕೂ ನಿಖರತೆಗೂ ನಡುವಿನ ಈ ಜಗ್ಗಾಟ ಜಾವಾ ಭಾಷೆಯನ್ನೂ ಬಿಡಲಿಲ್ಲ. ಎಲ್ಲ ಯಂತ್ರಗಳಲ್ಲೂ ಒಂದೇ ಉತ್ತರ ಎಂಬ ಹಟದೊಂದಿಗೆ ಅದು ಹುಟ್ಟಿತು. ಆಗಿನ ಇಂಟೆಲ್ ಚಿಪ್‌ಗಳು ಒಳಗೆ 80 ಬಿಟ್‌ಗಳಲ್ಲಿ ಲೆಕ್ಕ ಮಾಡುತ್ತಿದ್ದುದರಿಂದ ಆ ಹಟಕ್ಕೆ ವೇಗದ ಬೆಲೆ ತೆರಬೇಕಾಯಿತು. 1998ರಲ್ಲಿ ಜಾವಾ ನಿಯಮ ಸಡಿಲಿಸಿ, ಕಟ್ಟುನಿಟ್ಟು ಬೇಕಾದವರಿಗೆ 'ಸ್ಟ್ರಿಕ್ಟ್‌ಎಫ್‌ಪಿ' ಎಂಬ ಪದ ಕೊಟ್ಟಿತು. ನೇರವಾಗಿ 64 ಬಿಟ್‌ಗಳಲ್ಲೇ ಲೆಕ್ಕ ಮಾಡುವ ಎಸ್‌ಎಸ್‌ಇ2 ಸೂಚನೆಗಳ ಚಿಪ್‌ಗಳು ಸಾಮಾನ್ಯವಾದ ಮೇಲೆ ಸಡಿಲಿಕೆಗೆ ಕಾರಣವೇ ಉಳಿಯಲಿಲ್ಲ. 2021ರ ಜಾವಾ 17 ಹಳೆಯ ಕಟ್ಟುನಿಟ್ಟಿಗೇ ಮರಳಿತು.

ಫಾಸ್ಟ್-ಮ್ಯಾತ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆಟದ ಚಿತ್ರಣಕ್ಕೆ ಅದು ಒಗ್ಗುತ್ತದೆ. ಆದರೆ ಅದು ಹಲವು ಆಯ್ಕೆಗಳ ಗಂಟು. ಗಂಟು ಬಿಚ್ಚಿ ಒಂದೊಂದನ್ನೇ ಹಾಕಿ ಅಳೆಯುವುದು ಸರಿಯಾದ ದಾರಿ. ಅದರಲ್ಲಿ ದೋಷದ ಸಂಕೇತ ಬರೆಯುವುದನ್ನಷ್ಟೇ ಬಿಡಿಸುವ 'ನೋ-ಮ್ಯಾತ್-ಎರ್‌ನೋ' ಉತ್ತರಗಳನ್ನು ಮುಟ್ಟುವುದಿಲ್ಲ, ವರ್ಗಮೂಲದಂಥ ಲೆಕ್ಕ ಚುರುಕಾಗಲು ಎಷ್ಟೋ ಸಲ ಅದೊಂದೇ ಸಾಕು. ಉಳಿದವನ್ನು ಇಡೀ ಪ್ರೋಗ್ರಾಮಿಗೆ ಹಾಕಬೇಡಿ. ನಿಜಕ್ಕೂ ನಿಧಾನವಾದ ಕಡತಕ್ಕಷ್ಟೇ ಹಾಕಿ, ಹಳೆಯ ಉತ್ತರಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.