ಕೆಸರಿನಲ್ಲಿ ಸಿಕ್ಕ ಚಿಗರಿ ಯಾರದು?

ಮಳೆ ಮೂರು ದಿನ ಜಿಟಿಜಿಟಿ ಹಿಡಿದರೆ ಸವಣೂರು ಕಡೆಯ ಎರಿ ಹೊಲದಲ್ಲಿ ಮನುಷ್ಯ ನಡೆಯುವುದೇ ಕಷ್ಟ. ಹೆಜ್ಜೆಗೊಂದು ಹೆಂಟೆ ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತದೆ. ಚಿಗರಿಯದೂ, ಅಂದರೆ ಕೃಷ್ಣಮೃಗದ್ದೂ, ಅದೇ ಪಾಡು. ಒಣ ನೆಲದಲ್ಲಿ ಯಾವ ನಾಯಿಗೂ ಸಿಗದೆ ಚಂಗನೆ ನೆಗೆಯುವ ಪ್ರಾಣಿ, ಗೊರಸಿನ ಸೀಳಿನಲ್ಲಿ ಮಣ್ಣು ಕಚ್ಚಿಕೊಂಡರೆ ನಾಲ್ಕು ಮಾರು ಓಡಿ ಏದುಸಿರು ಬಿಡುತ್ತ ನಿಲ್ಲುತ್ತದೆ. ಬೇಟೆಗೆ ಹೋಗುವವರಿಗೆ ಇದು ಚೆನ್ನಾಗಿ ಗೊತ್ತು. ಬಂದೂಕು ಬೇಡ, ಸದ್ದಿಲ್ಲ. ಎರಡು ನಾಯಿ, ಒಂದು ಬಡಿಗೆ ಸಾಕು. ಇಂಥ ಮಳೆಯಲ್ಲಿ ಅರಣ್ಯ ಇಲಾಖೆಯ ಜೀಪು ಹೊಲದ ದಾರಿಗೆ ಇಳಿಯುವುದಿಲ್ಲ ಎಂಬ ಧೈರ್ಯ ಬೇರೆ.

ಸಿಕ್ಕಿಬಿದ್ದಾಗ ಬರುವ ಮಾತೂ ಗೊತ್ತಿರುವಂಥದ್ದೇ: ‘ನಾ ಹೊಡದಿಲ್ರೀ ಸಾಹೇಬ್ರ, ಕೆಸರಾಗ ಬಿದ್ದಿತ್ತು, ತಂದೆ.’ ಕಾನೂನಿನ ಮುಂದೆ ಈ ಮಾತು ನಿಲ್ಲುವುದಿಲ್ಲ. ಏಕೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ನಾಯಿ ಬಿಟ್ಟು ಓಡಿಸುವುದು, ಉರುಳು ಹಾಕುವುದು, ಬಲೆ ಕಟ್ಟುವುದು, ವಿಷವಿಡುವುದು, ಗಾಯ ಮಾಡುವುದು ಎಲ್ಲವೂ ಬೇಟೆಯೇ. ಇವುಗಳಿಗೆ ಪ್ರಯತ್ನ ಮಾಡಿ ಬರಿಗೈಲಿ ಮನೆಗೆ ಬಂದರೂ ಅಪರಾಧ ಆಗಿಹೋಗಿರುತ್ತದೆ.

ಸರಿ, ನಿಜವಾಗಿಯೂ ಸತ್ತು ಬಿದ್ದದ್ದೇ ಸಿಕ್ಕಿತು ಎನ್ನಿ. ವರದಾ ನದಿಯ ನೆರೆಯಲ್ಲಿ ತೇಲಿ ಬಂದಿರಬಹುದು, ಬೀದಿನಾಯಿ ಕಚ್ಚಿ ಕೊಂದಿರಬಹುದು. ಆಗಲೂ ಅದು ಸಿಕ್ಕವರ ಸ್ವತ್ತಲ್ಲ. ಕಾಯ್ದೆಯ 39ನೇ ಕಲಮಿನ ಪ್ರಕಾರ ಸತ್ತು ಸಿಕ್ಕ ಅಥವಾ ತಪ್ಪಿನಿಂದ ಕೊಂದ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದರ ಮಾಂಸವೂ ಅಷ್ಟೇ. ಕೈಗೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ತಾಯಿ ಇಲ್ಲದ ಮರಿಯನ್ನು ಕನಿಕರದಿಂದ ಮನೆಗೆ ತಂದು ಹಾಲು ಕುಡಿಸುವವರಿಗೂ ಇದೇ ಕಲಮು. ಕೊಂಬು, ಚರ್ಮ, ಮಾಂಸ ಮನೆಯಲ್ಲಿ ಸಿಕ್ಕರೆ, ಅದನ್ನು ಅಕ್ರಮವಾಗಿ ಇಟ್ಟುಕೊಂಡಿಲ್ಲ ಎಂದು ಸಾಬೀತು ಮಾಡುವ ಹೊಣೆ ಮನೆಯವರದೇ. ಉಳಿದ ಬಹಳಷ್ಟು ಪ್ರಕರಣಗಳಲ್ಲಿ ಸರ್ಕಾರದ ಮೇಲಿರುವ ಹೊರೆ ಇಲ್ಲಿ ಆರೋಪಿಯ ಹೆಗಲಿಗೆ ಬರುತ್ತದೆ.

‘ನನ್ನ ಹೊಲ, ನನ್ನ ಬೆಳೆ’ ಎನ್ನುವುದು ಇನ್ನೊಂದು ವಾದ. ಗೋವಿನಜೋಳದ ಎಳೆ ಸುಳಿಯನ್ನು ಒಂದೇ ರಾತ್ರಿಯಲ್ಲಿ ಚಿಗರಿ ಹಿಂಡು ಚಿವುಟಿ ಹೋದಾಗ ಹಿರೇಕೆರೂರಿನ ರೈತನ ಹೊಟ್ಟೆ ಉರಿಯುವುದು ಸುಳ್ಳಲ್ಲ. ರಾಣೇಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗೆಂದೇ 119 ಚದರ ಕಿಲೋಮೀಟರಿನ ಅಭಯಾರಣ್ಯ ಘೋಷಣೆಯಾಯಿತು, ನಿಜ. ಆದರೆ ಚಿಗರಿಗೆ ಗಡಿಕಲ್ಲು ಕಾಣುವುದಿಲ್ಲ, ಕಾಯ್ದೆಯೂ ಗಡಿಕಲ್ಲಿನಲ್ಲಿ ನಿಲ್ಲುವುದಿಲ್ಲ. ಶಿಗ್ಗಾವಿಯ ಪಟ್ಟಾ ಜಮೀನಿಗೂ ಹಾನಗಲ್ಲಿನ ಅಡಿಕೆ ತೋಟಕ್ಕೂ ಅದು ಒಂದೇ. ಕಾಡುಹಂದಿಯಂಥ ಎರಡನೇ ಅನುಸೂಚಿಯ ಪ್ರಾಣಿ ಬೆಳೆಗೆ ಅಪಾಯ ತಂದರೆ ಅಧಿಕಾರಿ ಲಿಖಿತ ಅನುಮತಿ ಕೊಡಲು ಅವಕಾಶವಿದೆ. ಚಿಗರಿ ಮೊದಲನೇ ಅನುಸೂಚಿಯಲ್ಲಿದೆ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಅನುಮತಿ ಸಿಗುವುದಿಲ್ಲ. ಅಜ್ಜನ ಕಾಲದಲ್ಲಿ ಲೈಸೆನ್ಸ್ ಮೇಲೆ ಶಿಕಾರಿ ನಡೆಯುತ್ತಿತ್ತು ಎಂದು ಹೇಳುವವರಿದ್ದಾರೆ. ಆ ಬಾಗಿಲನ್ನು 1991ರ ತಿದ್ದುಪಡಿ ಮುಚ್ಚಿತು.

ಬದುವಿಗೆ ಕರೆಂಟ್ ತಂತಿ ಎಳೆಯುವವರಿಗೆ ಬೇರೆಯಾಗಿಯೇ ಹೇಳಬೇಕು. ಹಸಿ ನೆಲದಲ್ಲಿ ಆ ತಂತಿ ಹಂದಿ ಯಾವುದು, ಚಿಗರಿ ಯಾವುದು, ಬೆಳಿಗ್ಗೆ ನೀರು ತಿರುವಲು ಬಂದ ಪಕ್ಕದ ಹೊಲದವನು ಯಾರು ಎಂದು ನೋಡುವುದಿಲ್ಲ. ವನ್ಯಜೀವಿ ಪ್ರಕರಣದ ಜೊತೆಗೆ 2003ರ ವಿದ್ಯುತ್ ಕಾಯ್ದೆಯಡಿ ಕಳ್ಳತನದ ಪ್ರಕರಣವೂ ಬೀಳುತ್ತದೆ. ಮನುಷ್ಯ ಸತ್ತರೆ ಅದು ಸಾವಿನ ಪ್ರಕರಣವೇ.

ಶಿಕ್ಷೆಯ ಮಾತಿಗೆ ಬರೋಣ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕನಿಷ್ಠ ಶಿಕ್ಷೆ ನಿಗದಿಯಾಗಿರುವ ಇಂಥ ಅಪರಾಧವನ್ನು ದಂಡ ಕಟ್ಟಿ ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಆದ್ದರಿಂದ ‘ಇಲ್ಲೇ ಏನಾದ್ರೂ ಕೊಟ್ಟು ಮುಗಿಸ್ರಿ’ ಎಂದು ಯಾರಾದರೂ ಕೈಚಾಚಿದರೆ ಅದು ದಂಡವಲ್ಲ, ಲಂಚ. ಬಳಸಿದ ಬೈಕು, ಬಲೆ, ಬಂದೂಕು ಜಪ್ತಿಯಾಗುತ್ತವೆ. ಜೋಧಪುರ ಬಳಿ 1998ರಲ್ಲಿ ಕೃಷ್ಣಮೃಗ ಕೊಂದ ಪ್ರಕರಣದಲ್ಲಿ ನಟ ಸಲ್ಮಾನ್ ಖಾನ್‌ಗೆ 2018ರ ಏಪ್ರಿಲ್‌ನಲ್ಲಿ ಕೆಳ ನ್ಯಾಯಾಲಯ 5 ವರ್ಷ ಶಿಕ್ಷೆ ಕೊಟ್ಟಿತು. ಅವರು ಜಾಮೀನಿನ ಮೇಲೆ ಹೊರಬಂದರು. ಇಪ್ಪತ್ತು ವರ್ಷ ಆ ಪ್ರಕರಣ ಜೀವಂತ ಉಳಿದದ್ದು ಅಲ್ಲಿನ ಹಳ್ಳಿಯ ಬಿಷ್ಣೋಯಿ ಜನ ಪಟ್ಟು ಬಿಡದಿದ್ದರಿಂದ.

ಇನ್ನು ಆರೋಪ ಹೊತ್ತವರಿಗೂ ಹಕ್ಕುಗಳಿವೆ. ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ್ದು ಇದೇ. ಬಲವಾದ ಕಾರಣವಿದ್ದರೆ ಅಧಿಕಾರಿ ವಾರಂಟ್ ಇಲ್ಲದೆಯೂ ಶೋಧ ಮಾಡಬಹುದು, ಬಂಧಿಸಬಹುದು. ಆದರೆ ಬಂಧಿಸಿದ ಕಾರಣ ಹೇಳಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮಳೆ, ಕೆಟ್ಟ ರಸ್ತೆ ಎಂದು ವಲಯ ಕಚೇರಿಯಲ್ಲಿ ಎರಡು ರಾತ್ರಿ ಕೂರಿಸುವಂತಿಲ್ಲ. ಜಪ್ತಿ ಮಾಡಿದ್ದಕ್ಕೆ ಪಂಚನಾಮೆ ಆಗಬೇಕು. ಅದರಲ್ಲಿ ಏನು ಬರೆದಿದೆ ಎಂದು ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ. ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಯವರು ಆರೋಪಿಯ ಎದುರಿನಲ್ಲಿ ಬರೆದುಕೊಂಡ ಸಾಕ್ಷ್ಯ ಕೋರ್ಟಿನಲ್ಲಿ ನಡೆಯುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಮಾತ್ರ ಯಾರನ್ನೂ ಬಲವಂತ ಮಾಡುವಂತಿಲ್ಲ. ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು ಆದಾಯ ಎಷ್ಟೇ ಇರಲಿ, ಉಚಿತ ನೆರವಿಗೆ ಅರ್ಹರು.

ಬೇಟೆ ಕಣ್ಣಿಗೆ ಬಿದ್ದವರು ಎದುರಿಗೆ ಹೋಗಬೇಕಾಗಿಲ್ಲ. ಅರಣ್ಯ ಸಹಾಯವಾಣಿ 1926 ಅಥವಾ ಪೊಲೀಸರ 112ಕ್ಕೆ ಹೊಲದ ಗುರುತು, ಗಾಡಿ ನಂಬರು, ವೇಳೆ ಹೇಳಿದರೆ ಸಾಕು. ಇಲಾಖೆ ಸುಮ್ಮನೆ ಕೂತರೆ 60 ದಿನದ ನೋಟಿಸ್ ಕೊಟ್ಟು, ಯಾವ ನಾಗರಿಕನಾದರೂ ತಾನೇ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು ಹಾಕಬಹುದು. 55ನೇ ಕಲಮು ಕೊಟ್ಟಿರುವ ಈ ಅಧಿಕಾರವನ್ನು ಬಳಸುವವರು ಕಡಿಮೆ. ಅಪರಾಧ ಪತ್ತೆಗೆ ನೆರವಾದವರಿಗೆ ವಸೂಲಾದ ದಂಡದಿಂದಲೇ ಬಹುಮಾನ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಬೆಳೆ ಹಾಳಾದವರು ಹೊಲ ಹರಗುವ ಮೊದಲೇ ಫೋಟೋ ತೆಗೆದು, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸಮೇತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಪರಿಹಾರದ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ. ಮಳೆ ಹಿಡಿದ ದಿನಗಳಲ್ಲಿ ಹೊಲಮನೆಯ ನಾಯಿಗಳನ್ನು ರಾತ್ರಿ ಕಟ್ಟಿಹಾಕಿ. ಕೆಸರಿನಲ್ಲಿ ಸಿಕ್ಕ ಚಿಗರಿ ಕಂಡರೆ ಜನ ಸೇರಿಸಬೇಡಿ, ಹಗ್ಗ ಹಾಕಿ ಎಳೆಯಬೇಡಿ. ದೂರ ನಿಂತು 1926ಕ್ಕೆ ಫೋನ್ ಮಾಡಿ.