ಸಾಕ್ಷಿ ಹೇಳುವ ಮುನ್ನ ಪಕ್ಕದ ಬೆಂಚು ನೋಡು

ಮಗಾ, ಚಾಳಿನ ಖೋಲಿ ಬಿಟ್ಟು ಹನ್ನೊಂದನೇ ಮಾಳಿಗೆಯ ಫ್ಲ್ಯಾಟಿಗೆ ಹೋದಿರಿ. ಜೋಗೇಶ್ವರಿಯ ಗುಡ್ಡದ ಓಣಿಯಲ್ಲಿ ನಿನ್ನಮ್ಮ ಬೆಳಕು ಹರಿಯುವ ಮೊದಲೇ ಕೊಡ ಹಿಡಿದು ನೀರಿಗೆ ಸಾಲು ನಿಲ್ಲುತ್ತಿದ್ದುದನ್ನು ಕಂಡವನು ನಾನು. ಬರುವ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳುತ್ತೀಯಂತೆ. ಖಂಡಿತ ಹೇಳು. ಸಿಕ್ಕಿದ್ದೆಲ್ಲ ತನ್ನ ಜಾಣತನದಿಂದಲೇ ಅಂದುಕೊಳ್ಳುವವರು ತುಂಬಿರುವ ಈ ಊರಿನಲ್ಲಿ, ದೇವರು ಕೊಟ್ಟ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು ದೊಡ್ಡದು. ಹೇಗೆ ಹೇಳಬೇಕು ಎಂಬುದಕ್ಕೆ ಮಾತ್ರ ಈ ಕಿವಿಮಾತು.

ಲೂಕನ ಸುವಾರ್ತೆಯಲ್ಲಿ ಸ್ತೋತ್ರದ ಎರಡು ಪ್ರಸಂಗಗಳು ಅಕ್ಕಪಕ್ಕದ ಅಧ್ಯಾಯಗಳಲ್ಲೇ ಇವೆ. 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳಿಗೆ ಗುಣವಾಗುತ್ತದೆ. ಹಿಂದಿರುಗಿ ಬಂದು ಯೇಸುವಿನ ಪಾದಕ್ಕೆ ಬೀಳುವವನು ಒಬ್ಬನೇ, ಅದೂ ಎಲ್ಲರೂ ದೂರವಿಟ್ಟಿದ್ದ ಸಮಾರ್ಯದವನು. ಸಂಡೇ ಸ್ಕೂಲಿನ ಪ್ರತಿ ಮಗುವಿಗೂ ಗೊತ್ತಿರುವ ಕಥೆ. 18ರಲ್ಲಿರುವುದನ್ನು ನಾವು ಸ್ತೋತ್ರದ ಪಾಠವೆಂದು ಓದುವುದೇ ಇಲ್ಲ. ಅಲ್ಲಿ ಫರಿಸಾಯನೊಬ್ಬ ದೇವಾಲಯದಲ್ಲಿ ನಿಂತಿದ್ದಾನೆ. ಅವನು ಏನನ್ನೂ ಬೇಡುವುದಿಲ್ಲ, ದೇವರಿಗೆ ಕೃತಜ್ಞತೆಯನ್ನೇ ಸಲ್ಲಿಸುತ್ತಾನೆ. ಆದರೆ ದೂರದಲ್ಲಿ ತಲೆತಗ್ಗಿಸಿ ನಿಂತ ಸುಂಕದವನಂತೆ ತಾನಿಲ್ಲವಲ್ಲ ಎಂಬುದೇ ಆ ಕೃತಜ್ಞತೆಗೆ ಕಾರಣ. ಯೇಸು ಒಪ್ಪಲಿಲ್ಲ.

2005ರ ಜುಲೈ 26 ನಿನಗೆ ನೆನಪಿರಲಾರದು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಲೋಕಲ್ ನಿಂತಿತು, ಜನ ನೀರಿನಲ್ಲೇ ಮೈಲಿಗಟ್ಟಲೆ ನಡೆದು ಮನೆ ಸೇರಿದರು. ಆಮೇಲಿನ ಭಾನುವಾರ ಒಬ್ಬರಾದ ಮೇಲೆ ಒಬ್ಬರು ಎದ್ದು ಸಾಕ್ಷಿ ಹೇಳಿದರು. ನಾನು ಪ್ರಾರ್ಥಿಸುತ್ತಲೇ ನಡೆದೆ, ಅದಕ್ಕೇ ಕರ್ತನು ನನ್ನನ್ನು ಉಳಿಸಿದ ಎಂದರು ಒಬ್ಬರು. ಅದೇ ಸಾಲಿನ ಬೆಂಚಿನಲ್ಲಿ ಒಬ್ಬ ತಾಯಿ ಕೂತಿದ್ದರು. ಅವರ ಮಗ ಮನೆಗೆ ಬಂದಿರಲಿಲ್ಲ. ಗೀತೆಯ ಪುಸ್ತಕ ಮಡಿಲಲ್ಲಿಟ್ಟುಕೊಂಡು, ಅದರ ಹರಿದ ರಟ್ಟಿನ ಅಂಚನ್ನು ಹೆಬ್ಬೆರಳಿನಿಂದ ಮತ್ತೆ ಮತ್ತೆ ಒತ್ತುತ್ತಿದ್ದರು. ಆ ಹುಡುಗ ಪ್ರಾರ್ಥಿಸಿರಲಿಲ್ಲವೇ? ಸಿಲೋವದಲ್ಲಿ ಬುರುಜು ಕುಸಿದು ಸತ್ತ 18 ಮಂದಿ ಮಿಕ್ಕವರಿಗಿಂತ ಹೆಚ್ಚು ಅಪರಾಧಿಗಳೇ ಎಂಬ ಪ್ರಶ್ನೆ ಎತ್ತಿ, ಅಲ್ಲ ಎಂದು ಯೇಸುವೇ ಹೇಳಿದ್ದಾನೆ. ಬದುಕಿ ಉಳಿದವರಿಗೂ ಆ ಮಾತು ಸಲ್ಲುತ್ತದೆ ಎಂದು ನಾನು ನಂಬಿದ್ದೇನೆ. ಸ್ತೋತ್ರ ಹೇಳು, ದೇವರು ನನ್ನನ್ನೇ ಯಾಕೆ ಆರಿಸಿಕೊಂಡ ಎಂದು ವಿವರಿಸಲು ಹೋಗಬೇಡ.

ನಮ್ಮ ಹಿರಿಯರ ಪದ್ಧತಿ ಇದಕ್ಕಿಂತ ಮೃದುವಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಕಟ್ಟಿದ ಕರಾವಳಿಯ ಸಭೆಗಳಲ್ಲಿ ಬೆಳೆ ಹಬ್ಬ ನೋಡಬೇಕು. ಹಿತ್ತಿಲ ಕುಂಬಳ, ಬಾಳೆಗೊನೆ, ಗೇಣಿಯವನ ಎರಡೇ ತೆಂಗಿನಕಾಯಿ ಎಲ್ಲವೂ ಒಂದೇ ಕಡೆ ಕೂಡಿಬೀಳುತ್ತವೆ. ಆರಾಧನೆ ಮುಗಿದ ಮೇಲೆ ಏಲಂ. ಯಾರ ಮನೆಯದು ಯಾವುದೆಂದು ಯಾರೂ ಕೇಳುವುದಿಲ್ಲ. ಕಥೋಲಿಕ ಬಂಧುಗಳು ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಆಶೀರ್ವದಿಸಿದ ಹೊಸ ಭತ್ತದ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಸೇವಿಸುತ್ತಾರೆ. ಪರವೂರಲ್ಲಿರುವ ಮಗನಿಗೆ ಅದೇ ಕಾಳು ಲಕೋಟೆಯಲ್ಲಿ ಹೋಗುತ್ತದೆ. ಊಟಕ್ಕೆ ಬರಲಾಗದವನನ್ನೂ ನೆನೆಯುವ ಸ್ತೋತ್ರ ಅದು. ನನಗೆ ಬಹಳ ಇಷ್ಟ.

ನಿಮ್ಮ ಹಳೆಯ ಚಾಳಿನ ಕೆಲವು ಕುಟುಂಬಗಳು ಫ್ಲ್ಯಾಟ್ ಸಿಗದೆ ಇನ್ನೂ ಟ್ರಾನ್ಸಿಟ್ ಕ್ಯಾಂಪಿನಲ್ಲೇ ಇವೆ. ಭಾನುವಾರ ಅವರೂ ಬಂದು ಕೂತಿರುತ್ತಾರೆ. ಬೀಗದ ಕೈ ಸಿಕ್ಕ ದಿನದ ಸಂತೋಷವನ್ನು ಅವರ ಮುಂದೆ ಮುಚ್ಚಿಡಬೇಕಿಲ್ಲ; ಅವರಿಗೂ ನಿನ್ನ ಮೇಲೆ ಪ್ರೀತಿಯಿದೆ. ಏನು ಸಿಕ್ಕಿತು, ಯಾರ ಕೈಯಿಂದ ಸಿಕ್ಕಿತು ಅಷ್ಟನ್ನು ಹೇಳು. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಓದಲು ತಮ್ಮ ಖೋಲಿ ಬಿಟ್ಟುಕೊಟ್ಟ ಪಕ್ಕದ ಮನೆಯ ಮುಸ್ಲಿಂ ಚಾಚಾನ ಹೆಸರನ್ನೂ ಎತ್ತು. ಎರಡು ನಿಮಿಷ ಸಾಕು.

ಅಂದು ಸಂಜೆಯೇ ಅಮ್ಮನನ್ನು ಕರೆದುಕೊಂಡು ಟ್ರಾನ್ಸಿಟ್ ಕ್ಯಾಂಪಿಗೆ ಹೋಗಿ ಬಾ. ಅವರ ಕಾಗದಪತ್ರ ಎಲ್ಲಿ ನಿಂತಿದೆ ಎಂದು ಕೇಳು. ಯಾವ ಕಚೇರಿಯ ಯಾವ ಟೇಬಲಿಗೆ ಹೋಗಬೇಕೆಂಬುದು ಈಗ ನಿನಗೆ ಗೊತ್ತಿದೆ, ಅವರಿಗೆ ಗೊತ್ತಿಲ್ಲ.